ವಿಡಿಯೊ ಗೇಮ್‌ಗೆ ನ್ಯಾಯವಾದ ವಿಮರ್ಶೆ, ನ್ಯಾಯವಾದ ಅಂಕ: ಹಂತ ಹಂತವಾಗಿ

2020ರ ಡಿಸೆಂಬರ್ 10ರಂದು ‘ಸೈಬರ್‌ಪಂಕ್ 2077’ ಬಿಡುಗಡೆಯಾಯಿತು. ಕೆಲವು ದಿನ ಮೊದಲೇ ಪ್ರಕಟವಾಗಿದ್ದ ವಿಮರ್ಶೆಗಳಲ್ಲಿ ಹತ್ತಕ್ಕೆ ಒಂಬತ್ತು ಕೊಟ್ಟವರೇ ಹೆಚ್ಚು. ಆದರೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ತಾವು ರೆಕಾರ್ಡ್ ಮಾಡಿದ ದೃಶ್ಯಗಳನ್ನು ತೋರಿಸಲೂ ಅವರಿಗೆ ಅನುಮತಿ ಇರಲಿಲ್ಲ. ಆ ಅಂಕ ನಂಬಿ ಸೋನಿಯ ಗೇಮ್ ಯಂತ್ರವಾದ ಪಿಎಸ್4ಗೆ ಕೊಂಡವರು ಪದೇ ಪದೇ ಕ್ರ್ಯಾಶ್ ಆಗುವ, ತಡವರಿಸುವ ಗೇಮ್ ಆಡಬೇಕಾಯಿತು. ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ಅದನ್ನು ತೆಗೆದುಹಾಕಿತು. ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. ವಿಮರ್ಶಕರು ಸುಳ್ಳು ಬರೆದಿರಲಿಲ್ಲ. ಅವರ ಅಂಕ ಒಂದು ಯಂತ್ರದ, ಒಂದು ಆವೃತ್ತಿಯ ಅಂಕವಾಗಿತ್ತು. ಓದಿದವರಿಗೆ ಅದು ಇಡೀ ಗೇಮ್‌ನ ಅಂಕವಾಗಿ ಕಂಡಿತು.

ನ್ಯಾಯವಾದ ಅಂಕ ಎಂದರೆ ಎಲ್ಲರೂ ಒಪ್ಪುವ ಅಂಕವಲ್ಲ, ಅಂಥದ್ದು ಇಲ್ಲ. ಯಾವ ಅಳತೆಯಿಂದ, ಯಾವ ಯಂತ್ರದಲ್ಲಿ, ಎಷ್ಟು ಆಡಿ, ಯಾವ ಕಾರಣಕ್ಕೆ ಬಂತು ಎಂಬುದನ್ನು ಓದುಗರು ತಾವೇ ಪರಿಶೀಲಿಸಿ ನೋಡಬಹುದಾದ ಅಂಕ ಅದು. ಅಲ್ಲಿಗೆ ತಲುಪುವ ಕೆಲಸ ಗೇಮ್ ತೆರೆಯುವ ಮೊದಲೇ ಶುರುವಾಗುತ್ತದೆ.

1. ಅಳತೆಕೋಲು ಮೊದಲು ಬರೆದಿಡಿ

ಎಷ್ಟಕ್ಕೆ ಅಂಕ ಕೊಡುತ್ತೀರಿ ಎಂಬುದು ಮೊದಲ ತೀರ್ಮಾನ. ನೂರಕ್ಕೆ ಕೊಡಬೇಡಿ. 83ಕ್ಕೂ 84ಕ್ಕೂ ಇರುವ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಲು ಆಗದಿದ್ದರೆ ಆ ಒಂದು ಅಂಕಕ್ಕೆ ಅರ್ಥವಿಲ್ಲ. ಆದರೆ ಪರಿಣಾಮ ಇದೆ: 2010ರ ‘ಫಾಲ್‌ಔಟ್: ನ್ಯೂ ವೇಗಸ್’ ತಯಾರಿಸಿದ ಅಬ್ಸಿಡಿಯನ್ ಸಂಸ್ಥೆಗೆ, ಎಲ್ಲ ವಿಮರ್ಶಕರ ಅಂಕಗಳ ಸರಾಸರಿ ತೋರಿಸುವ ಮೆಟಾಕ್ರಿಟಿಕ್ ತಾಣದಲ್ಲಿ 85 ಬಂದರೆ ಬೋನಸ್ ಎಂಬ ಒಪ್ಪಂದವಿತ್ತು. ಬಂದದ್ದು 84. ಹತ್ತರ ಅಳತೆಯಲ್ಲಿ ಪೂರ್ಣಾಂಕ, ಇಲ್ಲವೇ ಅರ್ಧ ನಕ್ಷತ್ರ ಸಹಿತ ಐದು ನಕ್ಷತ್ರ, ಇವೆರಡರಲ್ಲಿ ಒಂದು ಸಾಕು. ಒಂದು ಎಚ್ಚರಿಕೆ: ಮೆಟಾಕ್ರಿಟಿಕ್‌ನಂಥ ತಾಣಗಳು ಎಲ್ಲವನ್ನೂ ನೂರಕ್ಕೆ ಪರಿವರ್ತಿಸುತ್ತವೆ. ನಿಮ್ಮ ಲೆಕ್ಕದಲ್ಲಿ ‘ಚೆನ್ನಾಗಿದೆ’ ಎನ್ನುವ ಮೂರು ನಕ್ಷತ್ರ ಅಲ್ಲಿ 60 ಆಗುತ್ತದೆ. ಗೇಮ್‌ಗಳಿಗೆ ಅಲ್ಲಿ 75ರಿಂದ ಮೇಲೆ ಹಸಿರು ಬಣ್ಣ, ಹಾಗಾಗಿ ನಿಮ್ಮ ಮೆಚ್ಚುಗೆ ಹಳದಿಯಾಗಿ ಕಾಣುತ್ತದೆ.

ಪ್ರತಿ ಅಂಕಕ್ಕೂ ಒಂದು ವಾಕ್ಯ ಬರೆಯಿರಿ. ಆ ವಾಕ್ಯ ಗುಣವಾಚಕದಿಂದಲ್ಲ, ಓದುಗ ಏನು ಮಾಡಬೇಕು ಎಂಬುದರಿಂದ ಹುಟ್ಟಬೇಕು. ‘ಅದ್ಭುತ’, ‘ಉತ್ತಮ’, ‘ಸಾಧಾರಣ’ ಎಂಬ ಪಟ್ಟಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಹೀಗೆ ಬರೆಯಬಹುದು:

10: ಈ ಪ್ರಕಾರದ ಗೇಮ್ ಇಷ್ಟವಿಲ್ಲದವರೂ ಆಡಿ ನೋಡಬೇಕು. ದೋಷವೇ ಇಲ್ಲ ಎಂದಲ್ಲ.
9: ಈ ಪ್ರಕಾರ ಇಷ್ಟಪಡುವವರು ಬಿಡಬಾರದು.
8: ಈ ಪ್ರಕಾರ ಇಷ್ಟಪಡುವವರು ಪೂರ್ತಿ ಬೆಲೆ ಕೊಟ್ಟರೂ ಮೋಸವಿಲ್ಲ.
7: ಕೊಳ್ಳಬಹುದು, ಒಂದೆರಡು ಗಟ್ಟಿ ಕೊರತೆಗಳನ್ನು ಸಹಿಸಬೇಕು.
6: ಬೆಲೆ ಇಳಿದಾಗ, ವಿಷಯದ ಬಗ್ಗೆ ವಿಶೇಷ ಆಸಕ್ತಿ ಇದ್ದವರಿಗೆ.
5: ಗುಣವೂ ದೋಷವೂ ಸಮಸಮ.
4: ಒಳ್ಳೆಯ ಯೋಚನೆ ಇದೆ, ಆಟವಾಗಿ ನಿಂತಿಲ್ಲ.
3: ಆಡಿ ಮುಗಿಸುವುದೇ ಕಷ್ಟ.
2: ಕೊಂಡವರು ಹಣ ವಾಪಸ್ ಕೇಳಬೇಕು.
1: ಗೇಮ್ ಓಡುವುದೇ ಇಲ್ಲ, ಅಥವಾ ಆಟಗಾರರನ್ನು ವಂಚಿಸುತ್ತದೆ.

5 ಎಂದರೆ ನಡು. ಇದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. 35 ಬಂದರೆ ಪಾಸ್, 60 ಬಂದರೆ ಫಸ್ಟ್ ಕ್ಲಾಸ್ ಎಂಬ ಶಾಲೆಯ ಲೆಕ್ಕ ಕೇಳುತ್ತಲೇ ಬೆಳೆದ ನಮಗೆ 5 ಎಂದರೆ ಕಳಪೆ ಎನಿಸುತ್ತದೆ; ಬರೆಯುವವರ ಕೈ ತಾನಾಗಿಯೇ 7ಕ್ಕೆ ಹೋಗುತ್ತದೆ. ಎಲ್ಲವೂ 7ರಿಂದ 9ರ ನಡುವೆ ಸೇರಿಕೊಂಡರೆ ಹತ್ತರ ಅಳತೆಯಲ್ಲಿ ಉಳಿಯುವುದು ಮೂರೇ ಮೆಟ್ಟಿಲು. ಅದಕ್ಕಾಗಿ ಈ ಪಟ್ಟಿಯನ್ನು ಪ್ರತಿ ವಿಮರ್ಶೆಯ ಕೆಳಗೂ ಹಾಕಿ, ಓದುಗರೂ ಅದೇ ಕೋಲಿನಿಂದ ಅಳೆಯಲಿ.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಮೆಟ್ಟಿಲಿಗೂ ನಿಮಗೆ ಚೆನ್ನಾಗಿ ಗೊತ್ತಿರುವ ಎರಡು ಹಳೆಯ ಗೇಮ್‌ಗಳನ್ನು ಗುರುತಿಸಿಡಿ. ಮುಂದೆ ಅಂಕ ಹಾಕುವಾಗ ‘ಇದು ನಿಜಕ್ಕೂ ಆ 8ರ ಪಕ್ಕ ನಿಲ್ಲುವುದೇ?’ ಎಂದು ಕೇಳಿಕೊಳ್ಳಲು ಬರುತ್ತದೆ. ತಂಡವಾಗಿ ಬರೆಯುವವರು ಎಲ್ಲರೂ ಆಡಿರುವ ಐದು ಗೇಮ್ ಆರಿಸಿ, ಒಬ್ಬರಿಗೊಬ್ಬರು ತೋರಿಸದೆ ಅಂಕ ಬರೆಯಿರಿ. ಎರಡು ಅಂಕಕ್ಕಿಂತ ಹೆಚ್ಚು ಅಂತರ ಬಂದ ಕಡೆ ಜಗಳವಾಡಬೇಕಾದದ್ದು ಅಂಕದ ಮೇಲಲ್ಲ, ಪಟ್ಟಿಯ ವಾಕ್ಯದ ಮೇಲೆ; ಅದನ್ನು ಇಬ್ಬರು ಬೇರೆ ಬೇರೆಯಾಗಿ ಓದಿಕೊಂಡಿರುತ್ತಾರೆ. ಅಭಿರುಚಿಯೇ ಬೇರೆಯಾದರೆ ಜಪಾನಿನ ‘ಫಾಮಿತ್ಸು’ ಪತ್ರಿಕೆಯ ದಾರಿ ಇದೆ: ನಾಲ್ವರು ತಲಾ ಹತ್ತಕ್ಕೆ ಅಂಕ ಕೊಡುತ್ತಾರೆ, ಒಟ್ಟು ನಲವತ್ತರ ಜೊತೆಗೆ ನಾಲ್ಕೂ ಅಂಕ ಬೇರೆ ಬೇರೆಯಾಗಿ ಅಚ್ಚಾಗುತ್ತವೆ.

ಅಂಕವೇ ಬೇಡ ಎನ್ನುವುದೂ ಒಂದು ಆಯ್ಕೆ. ಬ್ರಿಟನ್ನಿನ ‘ಯೂರೋಗೇಮರ್’ 2015ರಲ್ಲಿ ಅಂಕ ಬಿಟ್ಟು ‘ಶಿಫಾರಸು’, ‘ಬೇಡ’ ಎಂಬಂಥ ಮುದ್ರೆಗಳಿಗೆ ಹೋಯಿತು, 2023ರಲ್ಲಿ ಐದು ನಕ್ಷತ್ರಗಳಿಗೆ ಮರಳಿತು. ಬಿಟ್ಟರೆ ಪೂರ್ತಿ ಬಿಡಿ. ಕಾರಣ ಹೇಳದೆ ಕೆಲವಕ್ಕೆ ಕೊಟ್ಟು ಕೆಲವಕ್ಕೆ ಕೊಡದಿರುವುದು ಅನ್ಯಾಯ.

2. ಕೋಡ್ ಪಡೆಯುವಾಗ

ಬಿಡುಗಡೆಗೆ ಮೊದಲು ಪ್ರಕಾಶಕರಿಂದ ಉಚಿತ ಕೋಡ್ (ಗೇಮ್ ಇಳಿಸಿಕೊಳ್ಳಲು ಬೇಕಾದ ಸಂಕೇತ) ಪಡೆಯುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಭಾರತದಲ್ಲಿ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಹೊರಡಿಸಿದ ಮಾರ್ಗಸೂಚಿ ಹಣವನ್ನಷ್ಟೇ ಅಲ್ಲ, ಉಚಿತ ವಸ್ತು, ಪ್ರಯಾಣ, ಆತಿಥ್ಯವನ್ನೂ ಸಂಬಂಧವೆಂದೇ ಎಣಿಸುತ್ತದೆ. ‘ಪ್ರಕಾಶಕರು ಕೊಟ್ಟ ಉಚಿತ ಕೋಡ್‌ನಲ್ಲಿ ಆಡಿದ್ದು’ ಎಂಬ ಸಾಲು ಲೇಖನದ ಮೊದಲ ಪರದೆಯಲ್ಲಿ, ವಿಡಿಯೊದಲ್ಲಿ ಮಾತು ಶುರುವಾದ ಕೂಡಲೇ ಬರಲಿ. ವಿವರಣೆಯ ಕೊನೆಯಲ್ಲಿ ತುರುಕಿದರೆ ಯಾರೂ ನೋಡುವುದಿಲ್ಲ.

ಎಂಬಾರ್ಗೊ ಪತ್ರವನ್ನು, ಅಂದರೆ ವಿಮರ್ಶೆ ಯಾವಾಗ, ಹೇಗೆ ಪ್ರಕಟಿಸಬೇಕು ಎಂಬ ಪ್ರಕಾಶಕರ ಷರತ್ತುಗಳನ್ನು, ಪೂರ್ತಿ ಓದಿ. ದಿನಾಂಕದ ಷರತ್ತು, ಕೊನೆಯ ಅಧ್ಯಾಯದ ಗುಟ್ಟು ಬಿಡಬೇಡಿ ಎಂಬ ಷರತ್ತು ಸಹಜ. ‘ಬಗ್‌ಗಳ (ತಾಂತ್ರಿಕ ದೋಷಗಳ) ಬಗ್ಗೆ ಬರೆಯಬೇಡಿ’, ‘ನಮ್ಮ ದೃಶ್ಯಗಳನ್ನೇ ಬಳಸಿ’ ಎಂದಿದ್ದರೆ ನಿರಾಕರಿಸಿ, ಇಲ್ಲವೇ ಅಂಕವನ್ನು ತಡೆದಿಡಿ. ಎಲ್ಲಕ್ಕಿಂತ ಮುಖ್ಯ, ಜಾಹೀರಾತು ನೋಡಿಕೊಳ್ಳುವವರು ಅಂಕ ನೋಡುವವರಾಗಬಾರದು. 2007ರ ನವೆಂಬರ್‌ನಲ್ಲಿ ಗೇಮ್‌ಸ್ಪಾಟ್ ತಾಣದ ಸಂಪಾದಕ ಜೆಫ್ ಗರ್ಸ್ಟ್‌ಮನ್ ಕೆಲಸ ಕಳೆದುಕೊಂಡರು. ‘ಕೇನ್ ಆಂಡ್ ಲಿಂಚ್’ ಗೇಮ್‌ಗೆ ಅವರು 6 ಕೊಟ್ಟಾಗ ಅದೇ ತಾಣದ ತುಂಬ ಆ ಗೇಮ್‌ನ ಜಾಹೀರಾತು ಇತ್ತು. ಜಾಹೀರಾತುದಾರರ ಒತ್ತಡ ಕಾರಣವೆಂದು 2012ರಲ್ಲಿ ಅವರೇ ಹೇಳಿದರು. ಇಂದು ಒಬ್ಬರೇ ನಡೆಸುವ ಚಾನೆಲ್‌ಗಳಲ್ಲಿ ಎರಡೂ ಕೆಲಸ ಒಬ್ಬರದೇ. ಅಂಥವರಿಗೆ ಒಂದೇ ನಿಯಮ: ಯಾವ ಗೇಮ್‌ನ ಪ್ರಾಯೋಜಿತ ವಿಡಿಯೊ ಮಾಡಿದ್ದೀರೋ ಅದಕ್ಕೆ ಅಂಕ ಕೊಡಬೇಡಿ.

3. ಎಷ್ಟು ಆಡಬೇಕು

ಕಥೆಯಿರುವ ಗೇಮ್ ಆದರೆ ಕೊನೆಯವರೆಗೆ, ಇದರಲ್ಲಿ ರಿಯಾಯಿತಿ ಇಲ್ಲ. ಸತ್ತರೆ ಮೊದಲಿನಿಂದ ಶುರುವಾಗುವ ರೋಗ್‌ಲೈಕ್‌ಗಳಲ್ಲಿ ಒಮ್ಮೆ ಗೆದ್ದು, ಅದರ ಮೇಲೆ ಇನ್ನೂ 10 ತಾಸು. ಗೆದ್ದ ಮೇಲೆ ಏನು ಹೊಸದು ತೆರೆಯುತ್ತದೆ ಎಂಬುದೇ ಅವುಗಳ ಜೀವಾಳ. ಸ್ಟ್ರಾಟಜಿ ಗೇಮ್‌ನಲ್ಲಿ ಬೇರೆ ಬೇರೆ ಪಕ್ಷ ಹಿಡಿದು ಮೂರು ಪೂರ್ಣ ಆಟ. ಆನ್‌ಲೈನ್ ಗೇಮ್‌ಗೆ ಬಿಡುಗಡೆಯ ನಂತರ ಸಾರ್ವಜನಿಕ ಸರ್ವರ್‌ನಲ್ಲಿ ಕನಿಷ್ಠ ಒಂದು ವಾರ. ಬಿಡುಗಡೆಗೆ ಮುನ್ನ ವಿಮರ್ಶಕರಿಗಷ್ಟೇ ತೆರೆದ ಸರ್ವರ್ ಖಾಲಿ ಇರುತ್ತದೆ, ಅಲ್ಲಿ ನೂಕುನುಗ್ಗಲೂ ಇಲ್ಲ, ಮೋಸ ಮಾಡುವವರೂ ಇಲ್ಲ. ಅಷ್ಟು ಆಡಲು ಆಗದಿದ್ದರೆ ‘ಮೊದಲ 12 ತಾಸಿನ ಅನಿಸಿಕೆ’ ಎಂದು ಬರೆದು ಅಂಕವಿಲ್ಲದೆ ಪ್ರಕಟಿಸಿ.

ಕಷ್ಟದ ಮಟ್ಟವನ್ನು ಗೇಮ್ ತಾನಾಗಿ ಸೂಚಿಸುವುದರಲ್ಲೇ ಮೊದಲು ಆಡಿ. ಮುಗಿದ ಮೇಲೆ ಒಂದೇ ಭಾಗವನ್ನು ಸುಲಭದಲ್ಲೂ ಕಠಿಣದಲ್ಲೂ ಒಂದೊಂದು ತಾಸು ಆಡಿ ನೋಡಿ. ಕಠಿಣದಲ್ಲಿ ಶತ್ರುಗಳು ಹೆಚ್ಚು ಜಾಣರಾಗುತ್ತಾರೋ, ಬರೀ ಹೆಚ್ಚು ಏಟು ತಡೆದುಕೊಳ್ಳುತ್ತಾರೋ? ವಿನ್ಯಾಸದ ಗುಣಮಟ್ಟ ಇಲ್ಲಿ ಬಯಲಾಗುತ್ತದೆ.

ಆಡುವಾಗಲೇ ಟಿಪ್ಪಣಿ ಬರೆಯಿರಿ, ನೆನಪನ್ನು ನಂಬಬೇಡಿ. 40 ತಾಸಿನ ಗೇಮ್ ಮುಗಿಸಿದಾಗ ನೆನಪಿರುವುದು ಮೊದಲ ಎರಡು ತಾಸು, ಕೊನೆಯ ಎರಡು ತಾಸು. ನಾಲ್ಕು ಕಾಲಂ ಸಾಕು: ಆಟದ ಸಮಯ, ನಡೆದದ್ದು, ಅನಿಸಿದ್ದು, ಮತ್ತೆ ಆಯಿತೇ. ಮೂರನೆಯದು ನಿಮ್ಮದು, ಎರಡನೆಯದು ಎಲ್ಲರದು. ಇವೆರಡನ್ನು ಬೆರೆಸಿ ಬರೆದುಕೊಂಡರೆ ಮುಂದೆ ಬೇರ್ಪಡಿಸಲು ಬರುವುದಿಲ್ಲ. ‘14:20, ಗುಹೆಯ ಬಾಸ್, ಕ್ಯಾಮೆರಾ ಗೋಡೆಯೊಳಗೆ ಹೋಯಿತು, ಮೂರರಲ್ಲಿ ಎರಡು ಸಲ’ ಎಂಬ ಸಾಲು ವಿಮರ್ಶೆಯಲ್ಲಿ ಸಾಕ್ಷಿಯಾಗುತ್ತದೆ. ‘ಕ್ಯಾಮೆರಾ ಕೆಟ್ಟದು’ ಎಂಬುದು ಆಗುವುದಿಲ್ಲ. ಯಾವ ಬಗ್ ಕಂಡರೂ ಹಳೆಯ ಸೇವ್ (ಆಟವನ್ನು ಉಳಿಸಿಟ್ಟ ಹಂತ) ತೆರೆದು ಮೂರು ಸಲ ಪ್ರಯತ್ನಿಸಿ, ದೃಶ್ಯ ರೆಕಾರ್ಡ್ ಮಾಡಿಡಿ.

ಮುಗಿಸುವವರೆಗೆ ಬೇರೆಯವರ ವಿಮರ್ಶೆ ಓದಬೇಡಿ.

4. ಯಂತ್ರದ ಪರೀಕ್ಷೆ

ಗೇಮ್‌ನ ಆವೃತ್ತಿ ಸಂಖ್ಯೆ, ಯಂತ್ರ, ಗ್ರಾಫಿಕ್ಸ್ ಕಾರ್ಡ್, ರೆಸಲ್ಯೂಶನ್, ಸೆಟ್ಟಿಂಗ್ ಇಷ್ಟನ್ನೂ ಮೊದಲ ದಿನವೇ ಬರೆದುಕೊಳ್ಳಿ. ನಡುವೆ ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಬಂದರೆ ಅದರ ದಿನಾಂಕವನ್ನೂ ಸೇರಿಸಿ.

ಪಿಸಿಯಲ್ಲಿ ಗೇಮ್ ಓಡುವ ವೇಗ ಅಳೆಯುವ ಕ್ಯಾಪ್‌ಫ್ರೇಮ್‌ಎಕ್ಸ್ ಅಥವಾ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶ ಹಾಕಿಕೊಂಡು, ಜನ, ಹೊಗೆ, ಬೆಂಕಿ ತುಂಬಿದ ಒಂದು ಜಾಗದಲ್ಲಿ ಒಂದೇ ದಾರಿಯನ್ನು ಮೂರು ಸಲ, ತಲಾ 60 ಸೆಕೆಂಡ್ ನಡೆಯಿರಿ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ) ಒಂದೇ ನೋಡಿದರೆ ಮೋಸಹೋಗುತ್ತೀರಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೂ 16.7 ಮಿಲಿಸೆಕೆಂಡ್. 3,600 ಫ್ರೇಮ್‌ಗಳಲ್ಲಿ 20 ಮಾತ್ರ 100 ಮಿಲಿಸೆಕೆಂಡ್ ತೆಗೆದುಕೊಂಡವು ಎನ್ನಿ. ಸರಾಸರಿ ಆಗಲೂ 58 ದಾಟಿಯೇ ಇರುತ್ತದೆ. ಆದರೆ ಆಡುವವರಿಗೆ ಒಂದು ನಿಮಿಷದಲ್ಲಿ 20 ಸಲ ಗಕ್ಕನೆ ನಿಂತ ಅನುಭವ. ಅದಕ್ಕೇ ಒಂದೊಂದು ಫ್ರೇಮ್ ತೆಗೆದುಕೊಂಡ ಸಮಯ ತೋರಿಸುವ ಫ್ರೇಮ್‌ಟೈಮ್ ಗೆರೆಯನ್ನೂ, ಅತಿ ನಿಧಾನದ ಶೇ. 1ರಷ್ಟು ಫ್ರೇಮ್‌ಗಳ ಲೆಕ್ಕವನ್ನೂ ಕೊಡಬೇಕು. 2022ರಲ್ಲಿ ‘ಎಲ್ಡನ್ ರಿಂಗ್’ ಪಿಸಿಗೆ ಬಂದಾಗ ಆಟಗಾರರು ದೂರಿದ್ದೂ ಇಂಥ ತಡವರಿಕೆಯನ್ನೇ. ಅನೇಕ ಗೇಮ್‌ಗಳಲ್ಲಿ ಶೇಡರ್‌ಗಳು (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಆಡುತ್ತಿರುವಾಗಲೇ ತಯಾರಾಗುವುದರಿಂದ ಮೊದಲ ಸಲದ ಓಟ ಕೆಟ್ಟದಾಗಿ, ಎರಡನೆಯದು ನುಣುಪಾಗಿ ಬರುತ್ತದೆ. ಮೊದಲನೆಯದನ್ನು ಎಸೆಯಬೇಡಿ, ಬೇರೆಯಾಗಿ ದಾಖಲಿಸಿ. ಕೊಂಡವರು ಆಡುವುದು ಆ ಮೊದಲ ಸಲವನ್ನೇ ಅಲ್ಲವೇ?

ಮೊಬೈಲ್ ಗೇಮ್‌ನಲ್ಲಿ ಮುಖ್ಯ ಶತ್ರು ಬಿಸಿ. ಐದು ನಿಮಿಷದ ಪರೀಕ್ಷೆಯಲ್ಲಿ ಎಲ್ಲ ಫೋನೂ ಚೆನ್ನಾಗಿಯೇ ಓಡುತ್ತದೆ. ಬಿಸಿಯಾದ ಮೇಲೆ ಚಿಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಚಾರ್ಜರ್ ತೆಗೆದು, ಪರದೆಯ ಬೆಳಕು ಅರ್ಧಕ್ಕಿಟ್ಟು, 30 ನಿಮಿಷ ಬಿಡದೆ ಆಡಿ. 5ನೇ ಮತ್ತು 30ನೇ ನಿಮಿಷದ ಎಫ್‌ಪಿಎಸ್, ಬ್ಯಾಟರಿ ಇಳಿದ ಪ್ರಮಾಣ, ಕೋಣೆಯ ಉಷ್ಣತೆ ಬರೆಯಿರಿ. ಎಸಿ ಇರುವ ಬೆಂಗಳೂರಿನ ಕಚೇರಿಯಲ್ಲಿ ಬಂದ ಫಲಿತಾಂಶ ಏಪ್ರಿಲ್‌ನ ರಾಯಚೂರಿಗೆ ಹೊಂದುವುದಿಲ್ಲ. ಆನ್‌ಲೈನ್ ಆಟಕ್ಕೆ ಸರ್ವರ್ ಮುಂಬೈಯಲ್ಲಿದೆಯೋ ಸಿಂಗಪುರದಲ್ಲೋ ನೋಡಿ, ರಾತ್ರಿ 8ರಿಂದ 11ರ ನಡುವೆ ಫೈಬರ್‌ನಲ್ಲಿ ಮತ್ತು ಮೊಬೈಲ್ ಡೇಟಾದಲ್ಲಿ ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಬರುವ ಸಮಯ) ಬೇರೆ ಬೇರೆ ಅಳೆಯಿರಿ. ಅಂಗಡಿಯಲ್ಲಿ ತೋರಿಸುವ ಗಾತ್ರ ಬೇರೆ, ತೆರೆದ ಮೇಲೆ ಇಳಿಸಿಕೊಳ್ಳುವ ಹೆಚ್ಚುವರಿ ಫೈಲ್‌ಗಳ ಗಾತ್ರ ಬೇರೆ. ಒಟ್ಟು ಎಷ್ಟು ಜಿಬಿ ಎಂದು ಹೇಳಿ.

ಇದೇ ಹೊತ್ತಿಗೆ ಸೆಟ್ಟಿಂಗ್ ಪುಟವನ್ನೂ ನೋಡಿಬಿಡಿ: ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡಬಹುದೇ, ಗುಂಡಿಗಳನ್ನು ಬದಲಿಸಬಹುದೇ, ಬಣ್ಣಗುರುಡು ಇರುವವರಿಗೆ ಕೆಂಪು-ಹಸಿರಿನ ಬದಲು ಆಕಾರದ ಗುರುತು ಇದೆಯೇ. 2018ರ ‘ಸೆಲೆಸ್ಟೆ’ ಒಂದು ಪುಟ್ಟ ತಂಡದ ಗೇಮ್. ಅದು ಕೂಡ ಆಟದ ವೇಗ ಇಳಿಸುವ ಸಹಾಯ ಮೋಡ್ ಕೊಟ್ಟಿದೆ. ಹಾಗಿರುವಾಗ ದೊಡ್ಡ ಸ್ಟುಡಿಯೋಗಳಿಗೆ ವಿನಾಯಿತಿ ಕೊಡಲು ಕಾರಣವಿಲ್ಲ.

5. ಹಣದ ಲೆಕ್ಕ

‘ತಾಸಿಗೆ ಎಷ್ಟು ರೂಪಾಯಿ’ ಎಂದು ಭಾಗಿಸಬೇಡಿ. ನಾಲ್ಕು ತಾಸಿನ ಒಳ್ಳೆಯ ಗೇಮ್ ಆ ಲೆಕ್ಕದಲ್ಲಿ ಸೋಲುತ್ತದೆ, ಕೆಲಸವಿಲ್ಲದೆ ಓಡಾಡಿಸುವ 80 ತಾಸಿನ ಗೇಮ್ ಗೆಲ್ಲುತ್ತದೆ. ಭಾರತದ ಬೆಲೆ, ಮುಗಿಸಲು ಬೇಕಾದ ತಾಸು ಎರಡನ್ನೂ ಬೇರೆ ಬೇರೆ ಹೇಳಿ, ಭಾಗಾಕಾರ ಓದುಗರಿಗೆ ಬಿಡಿ. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಸಿಗುತ್ತದೆ. ಆದ್ದರಿಂದ ದೋಷ ಮೊದಲ ಎರಡು ತಾಸಿನಲ್ಲೇ ಕಾಣುತ್ತದೆಯೇ, ಆಮೇಲೆ ಎದುರಾಗುತ್ತದೆಯೇ ಎಂದು ತಿಳಿಸುವುದು ದೊಡ್ಡ ಉಪಕಾರ.

ಅದೃಷ್ಟದ ಮೇಲೆ ಪಾತ್ರ ಕೊಡುವ ಗಾಚಾ ಗೇಮ್‌ಗಳಲ್ಲಿ ಗರಿಷ್ಠ ಖರ್ಚು ಲೆಕ್ಕ ಹಾಕಲೇಬೇಕು. ‘ಗೆನ್‌ಶಿನ್ ಇಂಪ್ಯಾಕ್ಟ್’ನಲ್ಲಿ ಒಂದು ಸಲ ಅದೃಷ್ಟ ಪರೀಕ್ಷಿಸಿದರೆ ಐದು ನಕ್ಷತ್ರದ (ಅತ್ಯುನ್ನತ ದರ್ಜೆಯ) ಪಾತ್ರ ಬರುವ ಮೂಲ ಸಂಭವ ಶೇ. 0.6, 90ನೇ ಸಲಕ್ಕೆ ಖಚಿತ. ಆದರೆ ಬಂದದ್ದು ನೀವು ಬಯಸಿದ ಪಾತ್ರವಲ್ಲದಿರಬಹುದು, ಹಾಗಾದರೆ ಗರಿಷ್ಠ 180 ಸಲ. ಒಂದು ಸಲಕ್ಕೆ 160 ಪ್ರಿಮೊಜೆಮ್ (ಆಟದೊಳಗಿನ ನಾಣ್ಯ), ಒಟ್ಟು 28,800. ಅಷ್ಟನ್ನೂ ದುಡ್ಡು ಕೊಟ್ಟೇ ಕೊಂಡರೆ ಆ ದಿನದ ಬೆಲೆಯಲ್ಲಿ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕಿ ವಿಮರ್ಶೆಯಲ್ಲಿ ಹಾಕಿ. ಖರ್ಚಿಲ್ಲದೆ ದಿನಕ್ಕೆ ಎಷ್ಟು ಸಿಗುತ್ತದೆ ಎಂಬುದನ್ನೂ ಪಕ್ಕದಲ್ಲೇ ಹೇಳಿ.

ಕೆಲವು ಪ್ರಕಾಶಕರು ವಿಮರ್ಶೆಗಳು ಬಂದು ಮುಗಿದ ಮೇಲೆ ಗೇಮ್‌ನೊಳಗೆ ಅಂಗಡಿ ತೆರೆಯುತ್ತಾರೆ. 2019ರ ಜೂನ್‌ನಲ್ಲಿ ಬಂದ ‘ಕ್ರ್ಯಾಶ್ ಟೀಮ್ ರೇಸಿಂಗ್ ನೈಟ್ರೋ-ಫ್ಯೂಯೆಲ್ಡ್’ನಲ್ಲಿ ಆಟದ ನಾಣ್ಯವನ್ನು ನಿಜ ಹಣಕ್ಕೆ ಮಾರತೊಡಗಿದ್ದು ಆಗಸ್ಟ್‌ನಲ್ಲಿ. ಇದಕ್ಕೆ ಪರಿಹಾರ ಒಂದೇ: ಆನ್‌ಲೈನ್ ಅಂಗಡಿ ಇರುವ ಯಾವುದೇ ಗೇಮ್‌ನ ವಿಮರ್ಶೆಯನ್ನು 90 ದಿನಕ್ಕೆ ಮತ್ತೆ ತೆರೆದು ನೋಡುವುದಾಗಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳುವುದು.

6. ಬರಹ ಮೊದಲು, ಅಂಕ ಆಮೇಲೆ

ಅಂಕ ತಲೆಯಲ್ಲಿಟ್ಟುಕೊಂಡು ಬರೆದರೆ ವಾಕ್ಯಗಳು ಅದಕ್ಕೆ ಸಾಕ್ಷಿ ಹೇಳತೊಡಗುತ್ತವೆ. ಅಂಕವಿಲ್ಲದೆ ಪೂರ್ತಿ ಬರೆಯಿರಿ. ಒಂದು ರಾತ್ರಿ ಕಳೆಯಲಿ. ಮರುದಿನ ಪ್ರತಿ ಪ್ಯಾರಾದ ಪಕ್ಕ ಕೂಡು ಅಥವಾ ಕಳೆ ಗುರುತು ಹಾಕಿ, ಭಾರವಾದದ್ದಕ್ಕೆ ಎರಡು ಗುರುತು. ಆಮೇಲೆ ಪಟ್ಟಿಯ ಹತ್ತು ವಾಕ್ಯಗಳನ್ನು ಓದಿ. ನೀವು ಬರೆದದ್ದಕ್ಕೆ ಯಾವ ವಾಕ್ಯ ಹೊಂದುತ್ತದೋ ಅದರ ಅಂಕವೇ ಅಂಕ.

ಚಿತ್ರ, ಸದ್ದು, ಕಥೆ, ಹಿಡಿತ (ನಿಯಂತ್ರಣ) ಎಂದು ಬಿಡಿ ಅಂಕ ಕೊಟ್ಟು ಸರಾಸರಿ ತೆಗೆಯುವ ಪದ್ಧತಿ ನೋಡಲು ವೈಜ್ಞಾನಿಕ, ಫಲದಲ್ಲಿ ಅನ್ಯಾಯ. ಹಿಡಿತ 9, ಚಿತ್ರ 9, ಸದ್ದು 9, ಕಥೆ 8, ಸ್ಥಿರತೆ 2 ಬಂದರೆ ಸರಾಸರಿ 7.4. ಸ್ಥಿರತೆಯ ಆ 2 ಬಂದದ್ದು 12 ತಾಸಿನ ಸೇವ್ ಅಳಿಸಿಹೋಗಿದ್ದರಿಂದ ಎನ್ನಿ. 7.4 ಎಂದು ಯಾವ ಮುಖ ಹೊತ್ತು ಹೇಳುವುದು? ಇನ್ನೊಂದು ಕಡೆ, ಬರೀ ಅಕ್ಷರಗಳಲ್ಲೇ ನಡೆಯುವ ಶ್ರೇಷ್ಠ ಗೇಮ್‌ಗೆ ಚಿತ್ರ, ಸದ್ದಿನ ಕಾಲಂಗಳು ಸುಮ್ಮನೆ ಶಿಕ್ಷೆ ಕೊಡುತ್ತವೆ. ಬಿಡಿ ಅಂಕಗಳನ್ನು ನಿಮ್ಮ ಪರಿಶೀಲನೆಗೆ ಮಾತ್ರ ಇಟ್ಟುಕೊಳ್ಳಿ.

ಸರಾಸರಿಯ ಬದಲು ಮೇಲ್ಮಿತಿ ಇಡಿ, ಅದನ್ನೂ ಮೊದಲೇ ಪ್ರಕಟಿಸಿ. ಸೇವ್ ಅಳಿಸುವ ಬಗ್ ಮತ್ತೆ ಮತ್ತೆ ಆಗುತ್ತಿದ್ದರೆ 4ಕ್ಕಿಂತ ಹೆಚ್ಚಿಲ್ಲ. ಕಥೆ ಮುಂದೆ ಹೋಗದಂತೆ ಸಿಕ್ಕಿಹಾಕಿಕೊಂಡರೆ 5. ಸರಾಸರಿ ಎರಡು ತಾಸಿಗೊಂದು ಕ್ರ್ಯಾಶ್ ಆದರೆ 6. ಹಣ ಕೊಟ್ಟವರಿಗೆ ಆನ್‌ಲೈನ್ ಸ್ಪರ್ಧೆಯಲ್ಲಿ ನೇರ ಬಲ ಸಿಗುವುದಾದರೆ 6. ಮಿತಿ ಯಾವುದಾದರೂ ಇರಲಿ, ದೊಡ್ಡ ಪ್ರಕಾಶಕರಿಗೂ ಚಿಕ್ಕವರಿಗೂ ಒಂದೇ ಇರಬೇಕು.

ಪ್ರಕಟಿಸುವ ಮೊದಲು ಕೊನೆಯ ಪರೀಕ್ಷೆ: ಅಂಕ ಮುಚ್ಚಿ ಬರಹವನ್ನು ಗೇಮ್ ಆಡದ ಇಬ್ಬರಿಗೆ ಕೊಡಿ, ಎಷ್ಟು ಕೊಟ್ಟಿರಬಹುದು ಎಂದು ಕೇಳಿ. ಒಂದಂಕದ ವ್ಯತ್ಯಾಸ ಸಹಜ. ಎರಡಾದರೆ ಬರಹ ಮುಚ್ಚಿಟ್ಟದ್ದೇನೋ ಇದೆ, ಅಥವಾ ಅಂಕದೊಳಗೆ ಬರಹದಲ್ಲಿಲ್ಲದ ಸಿಟ್ಟೋ ಪ್ರೀತಿಯೋ ಸೇರಿಕೊಂಡಿದೆ.

7. ಅಂಕ ವಾಲುವುದು ಎಲ್ಲಿ

ಬಹುಕಾಲ ಕಾದ ಗೇಮ್‌ಗೆ ಒಂದು ಅಂಕ ಹೆಚ್ಚು ಬೀಳುತ್ತದೆ. ನಿರೀಕ್ಷೆ ಮುರಿದರೆ ಎರಡು ಕಡಿಮೆ. ಸರಣಿಯ ಹೊಸ ಭಾಗವನ್ನು ಹಿಂದಿನದರ ಜೊತೆಗಷ್ಟೇ ಹೋಲಿಸುತ್ತೇವೆ, ಹೊಸಬರು ಅದನ್ನು ಆಡಿರುವುದೇ ಇಲ್ಲ. 60 ತಾಸು ಕಳೆದ ಗೇಮ್ ಅಷ್ಟು ಹೊತ್ತು ಕಳೆದದ್ದಕ್ಕೇ ಒಳ್ಳೆಯದೆನಿಸುತ್ತದೆ. ನಿಮಗೆ ಇಷ್ಟವಿಲ್ಲದ ಪ್ರಕಾರವಾದರೆ ಬೇರೆಯವರಿಗೆ ಬಿಡಿ, ಬಿಡಲಾಗದಿದ್ದರೆ ಮೊದಲ ಸಾಲಿನಲ್ಲೇ ಹೇಳಿ.

ನಮ್ಮಲ್ಲಿ ಇನ್ನೊಂದು ಸೆಳೆತವಿದೆ, ‘ನಮ್ಮವರ ಗೇಮ್’ ಎಂಬುದು. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ 2020ರಲ್ಲಿ ಬಂದಾಗ ಅದರ ಕಲೆಗೂ ಪುರಾಣದ ಹಿನ್ನೆಲೆಗೂ ಹೊರದೇಶಗಳಲ್ಲೂ ಮೆಚ್ಚುಗೆ ಬಂತು. ಕಾಳಗದ ಬಗ್ಗೆ, ಥಟ್ಟನೆ ಮುಗಿಯುವ ಕಥೆಯ ಬಗ್ಗೆ ಟೀಕೆಯೂ ಬಂತು. ಎರಡನ್ನೂ ಹೇಳಿದ ವಿಮರ್ಶೆಯೇ ಆ ತಂಡಕ್ಕೆ ಗೌರವ ಕೊಟ್ಟದ್ದು. ಬೆಂಗಳೂರಿನಲ್ಲಿ 1997ರಲ್ಲೇ ಶುರುವಾಗಿ 2019ರಲ್ಲಿ ವಿದೇಶಿ ಗೇಮ್ ಸಂಸ್ಥೆ ರಾಕ್‌ಸ್ಟಾರ್ ಪಾಲಾದ ಧ್ರುವ ಇಂಟರ್‌ಆಕ್ಟಿವ್‌ನಂಥ ಸ್ಟುಡಿಯೋಗಳ ಕಲಾವಿದರು ಜಗತ್ತಿನ ದೊಡ್ಡ ಗೇಮ್‌ಗಳಿಗೆ ದುಡಿದಿದ್ದಾರೆ. ಆ ಹೆಮ್ಮೆಗೆ ಪ್ರತ್ಯೇಕ ಲೇಖನ ಬರೆಯಿರಿ, ಅಂಕದೊಳಗೆ ಸೇರಿಸಬೇಡಿ. ಚಿಕ್ಕ ತಂಡದ ಮಿತಿಗಳನ್ನು ಬರಹದಲ್ಲಿ ವಿವರಿಸಬಹುದು, ಬೆಲೆಯಲ್ಲಿ ಅದು ಹೇಗೂ ಕಾಣುತ್ತದೆ.

ಓದುಗರಿಂದಲೂ ಅಂಕ ಪಡೆಯುವುದಾದರೆ ಮೊದಲ ದಿನದ ಗುಂಪುದಾಳಿಗೆ ಸಿದ್ಧರಾಗಿ. 2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ಕ್ಕೆ ಬಿಡುಗಡೆಯಾದ ಕೆಲವೇ ತಾಸಿನಲ್ಲಿ ಸೊನ್ನೆಗಳ ಮಳೆ ಸುರಿಯಿತು, ಯಾರೂ ಮುಗಿಸಿರಲು ಸಾಧ್ಯವಿರಲಿಲ್ಲ. ಆ ಬಳಿಕ ಮೆಟಾಕ್ರಿಟಿಕ್ ಬಳಕೆದಾರರ ಅಂಕಕ್ಕೆ 36 ತಾಸಿನ ಕಾಯುವಿಕೆ ತಂದಿತು. ನೀವೂ ಕಾಯಿಸಿ, ಸರಾಸರಿಯ ಜೊತೆ ಯಾವ ಅಂಕಕ್ಕೆ ಎಷ್ಟು ಮತ ಎಂಬ ಹಂಚಿಕೆಯನ್ನೂ ತೋರಿಸಿ.

8. ಪ್ರಕಟಿಸಿದ ಮೇಲೆ

ಅಂಕದ ಪಕ್ಕದಲ್ಲೇ ಒಂದು ಸಾಲು ಇರಲಿ: ವೇದಿಕೆ, ಆವೃತ್ತಿ, ಆಡಿದ ತಾಸು, ಕಷ್ಟದ ಮಟ್ಟ, ಕೋಡ್ ಯಾರದು. ಬೇರೆ ವೇದಿಕೆಗಳಲ್ಲಿ ಆಡಿಲ್ಲದಿದ್ದರೆ ‘ಪಿಎಸ್5ರಲ್ಲಿ ಪರೀಕ್ಷಿಸಿಲ್ಲ’ ಎಂದೇ ಬರೆಯಿರಿ. ‘ಪ್ಯಾಚ್ ಬರಲಿದೆ’ ಎಂಬ ಪ್ರಕಾಶಕರ ಭರವಸೆಯನ್ನು ಸುದ್ದಿಯಾಗಿ ತಿಳಿಸಬಹುದು, ಅಂಕಕ್ಕೆ ಸೇರಿಸುವಂತಿಲ್ಲ.

ಗೇಮ್‌ಗಳು ಬದಲಾಗುತ್ತವೆ. 2016ರಲ್ಲಿ ಆಟಗಾರರು ಕೈಬಿಟ್ಟಿದ್ದ ‘ನೋ ಮ್ಯಾನ್ಸ್ ಸ್ಕೈ’ ವರ್ಷಗಟ್ಟಲೆ ಬಂದ ಉಚಿತ ಅಪ್‌ಡೇಟ್‌ಗಳಿಂದ ಬೇರೆಯೇ ಗೇಮ್ ಆಯಿತು. ಸೈಬರ್‌ಪಂಕ್ ಕೂಡ 2023ರ ಸೆಪ್ಟೆಂಬರ್‌ನ 2.0 ಆವೃತ್ತಿಯಲ್ಲಿ ತನ್ನ ಬುಡವನ್ನೇ ತಿದ್ದಿಕೊಂಡಿತು. ಆಗ ಹಳೆಯ ಅಂಕವನ್ನು ಅಳಿಸಬೇಡಿ, ಅಂದು ಹಣ ಕೊಟ್ಟವರ ಅನುಭವ ಅದು. ಕನಿಷ್ಠ 8 ತಾಸು ಮತ್ತೆ ಆಡಿ, ಹಿಂದೆ ಟಿಪ್ಪಣಿಯಲ್ಲಿ ಬರೆದಿದ್ದ ಬಗ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹೊಸ ಅಂಕವನ್ನು ದಿನಾಂಕ ಮತ್ತು ಆವೃತ್ತಿಯೊಂದಿಗೆ ಹಳೆಯದರ ಮೇಲೆ ಹಾಕಿ. ಅಪ್‌ಡೇಟ್ ಕೆಡಿಸಿದಾಗಲೂ ಇದೇ ಕ್ರಮ: 2022ರ ಮಾರ್ಚ್‌ನಲ್ಲಿ ‘ಗ್ರಾನ್ ಟುರಿಸ್ಮೊ 7’ ಒಂದು ಅಪ್‌ಡೇಟ್‌ನ ನಂತರ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಸರ್ವರ್ ಇಲ್ಲದೆ ನಿಂತಿತು, ಒಬ್ಬರೇ ಆಡುವ ಭಾಗದ ಬಹುಪಾಲಿಗೂ ಇಂಟರ್‌ನೆಟ್ ಬೇಕಿದ್ದರಿಂದ ಅದೂ ನಿಂತಿತು. ಬಿಡುಗಡೆಯ ವಾರದ ವಿಮರ್ಶೆಗಳಲ್ಲಿ ಇದು ಇರಲು ಸಾಧ್ಯವೇ ಇರಲಿಲ್ಲ.

ಸ್ಟುಡಿಯೋದವರು ಕರೆ ಮಾಡಿ ಅಂಕದ ಬಗ್ಗೆ ಬೇಸರ ಹೇಳಿದರೆ, ಯಾವ ಸಂಗತಿ ತಪ್ಪಾಗಿದೆ ಎಂದು ಲಿಖಿತವಾಗಿ ಕೇಳಿ. ಸಂಗತಿ ತಪ್ಪಿದ್ದರೆ ತಿದ್ದಿ, ತಿದ್ದಿದ್ದೇನೆಂದು ದಿನಾಂಕ ಹಾಕಿ ಲೇಖನದಲ್ಲೇ ತಿಳಿಸಿ. ಆ ತಪ್ಪು ಸಂಗತಿಯ ಮೇಲೆ ಅಂಕ ನಿಂತಿದ್ದರೆ ಮಾತ್ರ ಅಂಕ ಬದಲಿಸಿ. ಇಲ್ಲದಿದ್ದರೆ ಅಂಕ ಇದ್ದಂತೆಯೇ ಇರಲಿ.